ಸಿಸ್ಟಂ ಒಪ್ಪುತ್ತಿಲ್ಲ ಎಂದರೆ ಯಾರನ್ನು ಕೇಳಬೇಕು?

ಸಿದ್ದಾಪುರದ ಸಣ್ಣ ಬೆಳೆಗಾರ

ನಮ್ಮ ಕೊಡಗಿನ ಗುಂಪಿನ ಎಲ್ಲರಿಗೂ ನಮಸ್ಕಾರ. ಇದು ಕಾಫಿ ದರದ ವಿಷಯವಲ್ಲ. ಆದರೂ ಮಳೆಗೆ ಮನೆಯೊಳಗೆ ಕುಳಿತಿರುವವರು ಪೂರ್ತಿ ಓದಿ ಉತ್ತರಿಸಬೇಕು.

ನನಗಿರುವುದು ಮೂರೂವರೆ ಎಕರೆ ರೊಬಸ್ಟಾ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಕಾಫಿ ಹೂ ಅರಳಿಸುವ ಹೂಮಳೆಯನ್ನು ನಂಬಿ ಕೂರುವ ಕಾಲ ಹೋಯಿತೆಂದು ಸ್ಪ್ರಿಂಕ್ಲರ್ ಪೈಪು, ಮೋಟಾರಿಗಾಗಿ ಒಂದು ಸಾಲ ಸಂಸ್ಥೆಗೆ ಅರ್ಜಿ ಹಾಕಿದೆ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಮನೆಗೆ ಬಂದ ಹುಡುಗ ಮೊಬೈಲಿನಲ್ಲೇ ಆಧಾರ್, ಪಹಣಿ, ನನ್ನ ಮುಖ ಎಲ್ಲದರ ಚಿತ್ರ ತೆಗೆದ. ಅವನಿಗೆ ಕೊಟ್ಟ ಕಾಫಿ ಆರುವ ಮೊದಲೇ ಉತ್ತರ ಬಂತು: ಅರ್ಹತೆ ಇಲ್ಲ. ಏಕೆ ಎಂದು ಕೇಳಿದೆ. "ಸಿಸ್ಟಂ ಒಪ್ಪುತ್ತಿಲ್ಲ ಅಂಕಲ್" ಎಂದ. ಶಾಖೆಗೆ ಹೋದೆ. ಅಲ್ಲಿದ್ದವರು ಪರದೆಯನ್ನು ನನ್ನ ಕಡೆಗೆ ತಿರುಗಿಸಿ, "ನೋಡಿ, ಕೆಂಪು ತೋರಿಸುತ್ತಿದೆ, ಇದು ಎಐ ಮಾಡುವ ಲೆಕ್ಕ, ನಮ್ಮ ಕೈಯಲ್ಲಿ ಏನೂ ಇಲ್ಲ" ಎಂದರು.

ಕೃಷಿ ಪತ್ತಿನ ಸಂಘದ ಸಾಲದಲ್ಲಿ ಇಷ್ಟು ವರ್ಷ ಒಂದು ಕಂತನ್ನೂ ನಾನು ತಪ್ಪಿಸಿದವನಲ್ಲ. ಹಿಂದೆ ಸಂಘದ ಕಾರ್ಯದರ್ಶಿ ಸಾಲ ಇಲ್ಲವೆಂದರೆ ಅವರ ಮೇಜಿನ ಮುಂದೆ ನಿಂತು ಜಗಳವಾಡಬಹುದಿತ್ತು. ಜಗಳ ಮುಗಿದ ಮೇಲೆ ಅವರೇ ಕಾರಣವನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಈಗ ಜಗಳವಾಡುವುದಕ್ಕೂ ಎದುರಿಗೆ ಮನುಷ್ಯರಿಲ್ಲ.

ಎಐ ಬಳಕೆಗೆ ಸರ್ಕಾರ ನಿಯಮ ಮಾಡಿದೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಆ ನಿಯಮ ನನ್ನ ಮೂರೂವರೆ ಎಕರೆಯ ತನಕ ಬರುತ್ತದೆಯೇ?

ಗೋಣಿಕೊಪ್ಪ ಸಂತೆ

ಅಣ್ಣ, ನಿಮ್ಮ ತೋಟದ ತನಕ ಡಾಂಬರೇ ಬಂದಿಲ್ಲ. ನಿಯಮ ಯಾವ ದಾರಿಯಲ್ಲಿ ಬರಬೇಕು?

ಮಾದಾಪುರ ಹೋಂಸ್ಟೇ

ನಿಯಮ ಬಂದಿದೆಯಲ್ಲ. 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಏಳು ಸೂತ್ರಗಳ ಎಐ ಕಾನೂನು ಹೊರಡಿಸಿತು. ಅದರ ಪ್ರಕಾರ ದೂರು ಕೊಡಿ.

ಕೋಡ್ ಬರೆಯುವ ನಾಪೋಕ್ಲಿನವನು

ಅದು ಕಾನೂನಲ್ಲ ಅಕ್ಕ. 2025ರ ನವೆಂಬರ್ 5ರಂದು ಕೇಂದ್ರದ ಐಟಿ ಸಚಿವಾಲಯ ಬಿಡುಗಡೆ ಮಾಡಿದ್ದು ಎಐ ಆಡಳಿತದ ಮಾರ್ಗಸೂಚಿ. ಕರಡು ಬರೆದ ಸಮಿತಿಗೆ ಐಐಟಿ ಮದ್ರಾಸಿನ ಪ್ರೊ. ಬಲರಾಮನ್ ರವೀಂದ್ರನ್ ಅಧ್ಯಕ್ಷರಾಗಿದ್ದರು. ಏಳು ಸೂತ್ರಗಳಿವೆ, ನಿಜ: ನಂಬಿಕೆ, ಜನರು ಮೊದಲು, ನಿರ್ಬಂಧಕ್ಕಿಂತ ಹೊಸತನಕ್ಕೆ ಆದ್ಯತೆ, ನ್ಯಾಯ ಮತ್ತು ಸಮಾನತೆ, ಉತ್ತರದಾಯಿತ್ವ, ಅರ್ಥವಾಗುವಂತಿರುವುದು, ಸುರಕ್ಷತೆ. ಆದರೆ ಅದನ್ನು ಮುರಿದರೆ ದಂಡವಿಲ್ಲ. ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ, ಇರುವ ಕಾನೂನುಗಳಲ್ಲೇ ಬಹುಪಾಲು ಅಪಾಯಗಳನ್ನು ನಿಭಾಯಿಸಬಹುದು ಎಂಬುದೇ ಅದರ ನಿಲುವು.

ನಾನು ಬೆಂಗಳೂರಿನಲ್ಲಿ ಇದೇ ಕ್ಷೇತ್ರದಲ್ಲಿದ್ದೇನೆ, ಹಾಗಾಗಿ ನೇರವಾಗಿ ಹೇಳುತ್ತೇನೆ: ಆ ನಿಲುವು ಸರಿಯಾಗಿಯೇ ಇದೆ. 2024ರ ಮಾರ್ಚ್ 1ರಂದು ಇದೇ ಸಚಿವಾಲಯ, ಪೂರ್ತಿ ಪರೀಕ್ಷೆಯಾಗದ ಎಐ ಮಾದರಿಯನ್ನು ಜನರ ಕೈಗೆ ಕೊಡುವ ಮೊದಲು ಸರ್ಕಾರದ ಅನುಮತಿ ಬೇಕು ಎಂದು ಸಲಹಾಪತ್ರ ಹೊರಡಿಸಿತು. ಸಣ್ಣ ಕಂಪನಿಗಳು ಬೊಬ್ಬೆ ಹಾಕಿದವು. ಎರಡೇ ವಾರದಲ್ಲಿ, ಮಾರ್ಚ್ 15ರಂದು, ಅನುಮತಿಯ ಮಾತನ್ನು ಕೈಬಿಟ್ಟು ಹೊಸ ಪತ್ರ ಬಂತು. ಅನುಮತಿ ಎಂಬ ಬಾಗಿಲು ಇಟ್ಟರೆ ಅದನ್ನು ದಾಟುವವರು ದೊಡ್ಡ ಕಂಪನಿಗಳು ಮಾತ್ರ. ಕಾಂಡಕೊರಕ ಹುಳು ಹಿಡಿದ ಗಿಡವನ್ನು ಫೋಟೊ ನೋಡಿ ಗುರುತಿಸುವ ಆ್ಯಪ್ ಮಾಡಲು ಹೊರಟ ಕೊಡಗಿನ ನಾಲ್ಕು ಹುಡುಗರು ಬಾಗಿಲಲ್ಲೇ ಉಳಿಯುತ್ತಾರೆ.

ಇನ್ನು ಬೆಳೆಗಾರಣ್ಣನ ವಿಷಯ. ಅದು ಎಐ ಎಂದು ನನಗೆ ಅನಿಸುವುದಿಲ್ಲ. ನಾಲ್ಕು ಅಂಕಣಗಳನ್ನು ಹೊಂದಿಸಿ ನೋಡುವ ಹಳೆಯ ತಂತ್ರಾಂಶವೇ ಇರಬೇಕು. ಈಗ ಎಲ್ಲದಕ್ಕೂ ಎಐ ಎಂಬ ಬೋರ್ಡು ಹಾಕುತ್ತಾರೆ.

ಸಿದ್ದಾಪುರದ ಸಣ್ಣ ಬೆಳೆಗಾರ

ತಮ್ಮ, ಕಚ್ಚಿದ್ದು ನಾಗರವೋ ಕೇರೆಯೋ ಎಂದು ಆಮೇಲೆ ನೋಡೋಣ. ಕಾರಣ ಹೇಳಬೇಕಾದವರು ಯಾರು, ಅದನ್ನು ಹೇಳು.

ವಿರಾಜಪೇಟೆಯ ವಕೀಲೆ

ನಿಮ್ಮ ಪ್ರಶ್ನೆಗೆ ಉತ್ತರ 2007ರಿಂದಲೇ ಇದೆ. ಸಾಲದ ಅರ್ಜಿಯನ್ನು ತಿರಸ್ಕರಿಸಿದರೆ ಮುಖ್ಯ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕು ಎಂಬುದು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಹಾಕಿಕೊಟ್ಟ ನ್ಯಾಯಯುತ ನಡವಳಿಕೆಯ ಸಂಹಿತೆ. ಮೊದಲು ಅದು ಸಣ್ಣ ಸಾಲಗಳಿಗೆ ಮಾತ್ರ ಇತ್ತು. 2007ರ ಮಾರ್ಚ್‌ನಲ್ಲಿ ಎಲ್ಲ ಬಗೆಯ ಸಾಲಗಳಿಗೂ ವಿಸ್ತರಿಸಿದರು. ಮನುಷ್ಯ ತಿರಸ್ಕರಿಸಿದರೆ ಒಂದು, ಯಂತ್ರ ತಿರಸ್ಕರಿಸಿದರೆ ಇನ್ನೊಂದು ಎಂದು ಅಲ್ಲಿ ಎಲ್ಲಿಯೂ ಬರೆದಿಲ್ಲ. ನಿಮ್ಮದು ಬ್ಯಾಂಕೋ ಹಣಕಾಸು ಸಂಸ್ಥೆಯೋ ಎಂಬುದನ್ನು ಕಾಗದ ನೋಡಿ ಹೇಳಬೇಕು. ಹೇಗಿದ್ದರೂ ಮೊದಲ ಹೆಜ್ಜೆ ಒಂದೇ. ಲಿಖಿತವಾಗಿ ಕಾರಣ ಕೇಳಿ, ಸ್ವೀಕೃತಿ ಪಡೆಯಿರಿ. 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ.

ಜೊತೆಗೆ ನಿಮ್ಮ ಸಾಲ ಚರಿತ್ರೆಯ ವರದಿಯನ್ನು ತರಿಸಿ ನೋಡಿ. ಸಿಬಿಲ್‌ನಂಥ ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು.

ನಾಪೋಕ್ಲಿನ ತಮ್ಮನಿಗೆ ಒಂದು ಮಾತು. ಇರುವ ಕಾನೂನು ಸಾಕು ಎನ್ನುತ್ತೀರಿ. ಮಾರ್ಗಸೂಚಿ ಓದಿದ ನನಗೂ ಅರ್ಧದಷ್ಟು ಹಾಗೆಯೇ ಅನಿಸಿತು. ಆದರೆ ಇರುವ ಕಾನೂನನ್ನು ಕೌಂಟರಿನಲ್ಲಿ ಕುಳಿತವರಿಗೆ ಯಾರೂ ಹೇಳಿಕೊಟ್ಟಿಲ್ಲ. "ನಮ್ಮ ಕೈಯಲ್ಲಿ ಏನೂ ಇಲ್ಲ" ಎನ್ನುವುದು ಕಾನೂನಿನ ಮಾತಲ್ಲ, ಕೈತೊಳೆದುಕೊಳ್ಳುವ ಮಾತು.

ಅಂಗನವಾಡಿ ಅಕ್ಕ, ಪೊನ್ನಂಪೇಟೆ ತಾಲ್ಲೂಕು

ಸಾಲದ ಮಾತು ಬಿಡಿ, ಅನ್ನದ ಮಾತು ಕೇಳಿ. ಯಾವ ಆ್ಯಪ್, ಯಾವ ಯೋಜನೆ ಎಂದು ಬರೆಯುವುದಿಲ್ಲ. ನನಗೆ ಕೆಲಸ ಬೇಕು.

ಬುಡಕಟ್ಟು ಜನರ ಹಾಡಿಯಿಂದ ಬರುವ ಬಾಣಂತಿಯೊಬ್ಬಳ ಮುಖವನ್ನು ಮೊಬೈಲ್ ಒಪ್ಪಲಿಲ್ಲ. ಆಧಾರ್ ಕಾರ್ಡಿನಲ್ಲಿರುವುದು ಅವಳ ಹದಿನಾರನೆಯ ವಯಸ್ಸಿನ ಚಿತ್ರ. ಈಗ ಹೆರಿಗೆಯಾಗಿ ಕೆನ್ನೆ ಒಳಗೆ ಹೋಗಿದೆ. ಕಣ್ಣು ಮಿಟುಕಿಸಲು ಹೇಳುತ್ತದೆ, ಮಿಟುಕಿಸಿದಳು. ಬೆಳಕು ಸಾಲದು ಎಂದಿತು, ಅಂಗಳಕ್ಕೆ ಕರೆದುಕೊಂಡು ಬಂದೆ. ಅಂಗಳದಲ್ಲಿ ಮಳೆ. ನೆಟ್‌ವರ್ಕ್ ಸಿಗುವುದು ಮೇಲಿನ ಬಂಡೆಯ ಹತ್ತಿರ. ಕೂಸನ್ನು ಎತ್ತಿಕೊಂಡು ಆ ಜಾರುವ ದಾರಿಯಲ್ಲಿ ಅವಳನ್ನು ಹತ್ತಿಸಲೇ? ಕೊಡೆ ಹಿಡಿದು ಐದು ಸಲ ಪ್ರಯತ್ನಿಸಿದೆ. ಆರನೆಯ ಸಲ ಅವಳೇ "ಬೇಡ ಬಿಡಿ ಅಕ್ಕ" ಎಂದು ಹೊರಟುಹೋದಳು.

ಅವಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅವಳ ತಾಯಿಯೂ ಗೊತ್ತು. "ಇವಳೇ ಅವಳು" ಎಂದು ಬರೆದು ಸಹಿ ಹಾಕಲು ನಾನು ಸಿದ್ಧ, ಆದರೆ ಆ ಆ್ಯಪ್‌ನಲ್ಲಿ ನನ್ನ ಮಾತಿಗೆ ಜಾಗವೇ ಇಲ್ಲ. ಕೊನೆಗೆ ಆ ತಿಂಗಳ ಲೆಕ್ಕದಲ್ಲಿ ಅವಳು ಪಡಿತರ ಪಡೆಯಲಿಲ್ಲ ಎಂದು ಬಂತು. ಕೊಡಲಿಲ್ಲ ಎಂದು ಬರಲಿಲ್ಲ ನೋಡಿ.

ವಿರಾಜಪೇಟೆಯ ವಕೀಲೆ

ಅಕ್ಕ, ನಿಮ್ಮ ಕೊನೆಯ ಸಾಲನ್ನು ನಾನು ಬರೆದಿಟ್ಟುಕೊಂಡೆ.

ಇದು ಕೊಡಗಿನ ಕಥೆ ಮಾತ್ರವಲ್ಲ. ತೆಲಂಗಾಣದಲ್ಲಿ ಸರ್ಕಾರದ ಬೇರೆ ಬೇರೆ ದಾಖಲೆಗಳನ್ನು ಒಂದುಗೂಡಿಸಿ, ಯಾರು ಅರ್ಹರು ಯಾರು ಅಲ್ಲ ಎಂದು ಕಂಪ್ಯೂಟರೇ ಆರಿಸುವ ವ್ಯವಸ್ಥೆ ತಂದರು. ನೋಟಿಸ್ ಇಲ್ಲದೆ ಪಡಿತರ ಚೀಟಿಗಳು ರದ್ದಾದವು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ರದ್ದಾದ ಸುಮಾರು 19 ಲಕ್ಷ ಚೀಟಿಗಳನ್ನು ಮನೆಮನೆಗೆ ಹೋಗಿ ಮರುಪರಿಶೀಲಿಸಿ ಎಂದು 2022ರ ಏಪ್ರಿಲ್‌ನಲ್ಲಿ ಕೋರ್ಟು ಹೇಳಬೇಕಾಯಿತು. ನೆದರ್ಲೆಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಸಹಾಯಧನ ಪಡೆದ ಸಾವಿರಾರು ಕುಟುಂಬಗಳ ಮೇಲೆ ವಂಚಕರೆಂಬ ಹಣೆಪಟ್ಟಿ ಬಿತ್ತು. ಯಾರನ್ನು ಅನುಮಾನಿಸಬೇಕು ಎಂದು ಆರಿಸುವುದರಲ್ಲಿ ಅಲ್ಲಿಯೂ ಕಂಪ್ಯೂಟರಿನ ಪಾತ್ರವಿತ್ತು. ಪೆಟ್ಟು ಹೆಚ್ಚು ಬಿದ್ದದ್ದು ಹೊರದೇಶದ ಮೂಲದವರಿಗೆ. 2021ರ ಜನವರಿಯಲ್ಲಿ ಅಲ್ಲಿನ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ಸರ್ಕಾರಿ ಕಚೇರಿಗಳ ವಿಷಯದಲ್ಲಿ ನಮ್ಮ ಬಳಿ ಒಂದು ಆಯುಧವಿದೆ, ಬಳಸುವವರು ಕಡಿಮೆ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಕಲಂ. ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣವನ್ನು ಸಾರ್ವಜನಿಕ ಪ್ರಾಧಿಕಾರವೇ ಒದಗಿಸಬೇಕು ಎನ್ನುತ್ತದೆ. ಅರ್ಜಿ ಹಾಕದಿದ್ದರೂ ಕೊಡಬೇಕಾದದ್ದು ಅದು. "ಮುಖ ಹೊಂದಲಿಲ್ಲ" ಎಂಬುದು ಕಾರಣವಾದರೆ ಅದನ್ನು ಕಾಗದದ ಮೇಲೆ ಬರೆದುಕೊಡಲಿ. ಬರೆದುಕೊಟ್ಟ ಮರುಗಳಿಗೆಯೇ ಅದು ಎಷ್ಟು ಹಾಸ್ಯಾಸ್ಪದ ಎಂಬುದು ಬರೆದವರಿಗೇ ಕಾಣಿಸುತ್ತದೆ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ಇಲ್ಲಿ ಒಬ್ಬ ಹಿರಿಯರನ್ನು ನೆನೆಯಬೇಕು. ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೆ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತು ದಾಟಿತ್ತು. ಆ ಪ್ರಕರಣದಿಂದಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಖಾಸಗಿತನದೊಳಗೆ ಸರ್ಕಾರ ಕೈಹಾಕುವುದಾದರೆ ಕಾನೂನಿನ ಆಧಾರ ಬೇಕು, ಯೋಗ್ಯ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕೈ ಚಾಚಬೇಕು. ಒಂದು ಪೊಟ್ಟಣ ಆಹಾರ ಕೊಡಲು ಬಾಣಂತಿಯ ಮುಖವನ್ನು ಅಳೆಯುವುದು ತಕ್ಕಷ್ಟೋ ಅತಿಯೋ ಎಂಬ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿಯೇ ಕೇಳಬಹುದು. ಅದಕ್ಕೆ ದೆಹಲಿಗೆ ಹೋಗಬೇಕಾಗಿಲ್ಲ.

ಇನ್ನೊಂದು. ಯಂತ್ರವನ್ನು ನಂಬಿ ಕೆಡುವವರು ಬಡವರು ಮಾತ್ರ ಎಂದುಕೊಳ್ಳಬೇಡಿ. 2025ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟು, ಬೆಂಗಳೂರಿನ ಸಿವಿಲ್ ನ್ಯಾಯಾಲಯದ ಆದೇಶವೊಂದರಲ್ಲಿ ಉಲ್ಲೇಖಿಸಿದ ಸುಪ್ರೀಂ ಕೋರ್ಟ್ ತೀರ್ಪುಗಳು ಅಸ್ತಿತ್ವದಲ್ಲೇ ಇಲ್ಲವೆಂದು ಕಂಡು ವಿಚಾರಣೆಗೆ ಸೂಚಿಸಿತು. ಅವು ಎಲ್ಲಿಂದ ಬಂದವು ಎಂದು ನಾನು ಊಹಿಸಲು ಹೋಗುವುದಿಲ್ಲ. ಪಕ್ಕದ ಕೇರಳದ ಹೈಕೋರ್ಟು ಮಾತ್ರ ಅದೇ ವರ್ಷ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ಎಐ ಬಳಕೆಯ ನೀತಿಯನ್ನೇ ಬರೆದುಕೊಟ್ಟಿತು. ತೀರ್ಪು, ಆದೇಶ, ನಿರ್ಣಯಕ್ಕೆ ಯಂತ್ರದ ಮೊರೆ ಹೋಗುವಂತಿಲ್ಲ ಎಂದು ಅದರಲ್ಲಿದೆ. ಕೇರಳದ ಕಡೆಗೆ ಮಾಕುಟ್ಟ ಘಾಟಿ ಇಳಿದರೆ ಆ ನೀತಿ ಇದೆ, ಹತ್ತಿದರೆ ಅಂಥದ್ದಿದೆ ಎಂದು ನಾನು ಕೇಳಿಲ್ಲ.

ಕೋಡ್ ಬರೆಯುವ ನಾಪೋಕ್ಲಿನವನು

ಮೇಷ್ಟ್ರೇ, ಅಕ್ಕನ ಕಥೆಗೆ ನನ್ನ ಬಳಿ ಉತ್ತರವಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ ಅದು ಎಐನ ತಪ್ಪಲ್ಲ, ವಿನ್ಯಾಸದ ತಪ್ಪು. ಮೂರು ಸಲ ಹೊಂದದಿದ್ದರೆ ಕಾರ್ಯಕರ್ತೆಯ ದೃಢೀಕರಣ ಸಾಕು ಎಂಬ ಒಂದು ಗುಂಡಿ ಇಟ್ಟಿದ್ದರೆ ಮುಗಿಯುತ್ತಿತ್ತು. ಒಂದು ದಿನದ ಕೆಲಸ.

ಅಂಗನವಾಡಿ ಅಕ್ಕ, ಪೊನ್ನಂಪೇಟೆ ತಾಲ್ಲೂಕು

ಒಂದು ದಿನದ ಕೆಲಸವನ್ನು ಯಾರೂ ಏಕೆ ಮಾಡಲಿಲ್ಲ ತಮ್ಮ?

ಕೋಡ್ ಬರೆಯುವ ನಾಪೋಕ್ಲಿನವನು

ಕೇಳಿದವರಿಲ್ಲ ಅಕ್ಕ. ಕೇಳಲೇಬೇಕು ಎಂಬ ಷರತ್ತು ಟೆಂಡರಿನಲ್ಲಿ ಇರಲಿಲ್ಲ. ಹಾಗಾದರೆ ನಿಯಮ ಬೇಕು ಎಂದು ನಾನೇ ಹೇಳಿದಂತಾಯಿತು ಅಲ್ಲವೇ? ಆಗಲಿ. ಆದರೆ ನಿಯಮ ಬೇಕಾಗಿರುವುದು ಕೊಳ್ಳುವ ಇಲಾಖೆಗೆ. ಸರ್ಕಾರ ಯಾವ ಷರತ್ತಿನ ಮೇಲೆ ತಂತ್ರಾಂಶ ಕೊಳ್ಳುತ್ತದೆ ಎಂಬಲ್ಲಿ ಕಟ್ಟುನಿಟ್ಟಾಗಿದ್ದರೆ ಮಾರುವವರು ತಾವೇ ಸರಿಹೋಗುತ್ತಾರೆ.

ಪಾಲಿಬೆಟ್ಟದ ಪ್ಲಾಂಟರ್

ನಿಯಮ ನಮ್ಮಲ್ಲಿ ಬರುವುದನ್ನು ಕಾಯುತ್ತಾ ಕುಳಿತರೆ ಹೊರಗಿನದು ಮೊದಲು ಬರುತ್ತದೆ. ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ಅರಣ್ಯನಾಶ ತಡೆ ನಿಯಮ ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲ, ಪ್ರತಿ ತೋಟದ ಭೂಸ್ಥಾನ ಕೊಡಿ, ನಾಲ್ಕು ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯ ನಕ್ಷೆಯನ್ನೇ ಕೊಡಿ ಎಂದಿತು. ಎರಡು ಸಲ ಮುಂದಕ್ಕೆ ಹೋಗಿ ಈಗ 2026ರ ಡಿಸೆಂಬರ್‌ಗೆ ಬಂದು ನಿಂತಿದೆ. ಬ್ರಸೆಲ್ಸ್‌ನಲ್ಲಿ ಯಾರೋ ಕೈ ಎತ್ತಿದರೆ ಪಾಲಿಬೆಟ್ಟದಲ್ಲಿ ನಾನು ಜಿಪಿಎಸ್ ಹಿಡಿದು ಬೇಲಿ ಸುತ್ತುತ್ತೇನೆ.

ಇದರೊಳಗೂ ನಿಮ್ಮ ಯಂತ್ರವಿದೆ. ನಮ್ಮ ಕಾಫಿ ಬೀಟೆ, ಹಲಸು, ಹಾಲುವಾಣ, ಸಿಲ್ವರ್ ಓಕ್ ನೆರಳಲ್ಲಿ ಬೆಳೆಯುತ್ತದೆ. ಉಪಗ್ರಹದಿಂದ ನೋಡಿದರೆ ಅದೂ ಕಾಡಿನಂತೆಯೇ ಕಾಣುತ್ತದೆ. ಕಳೆದ ವರ್ಷ ಕಾಡು, ಈ ವರ್ಷ ಮರಗಸಿ ಮಾಡಿ ನೆರಳಿನ ಕೊಂಬೆ ಕಡಿದದ್ದರಿಂದ ಬಯಲು, ಆದ್ದರಿಂದ ಕಾಡು ಕಡಿದಿದ್ದಾರೆ ಎಂದು ಚಿತ್ರ ಓದುವ ತಂತ್ರಾಂಶ ತೀರ್ಮಾನಿಸಿದರೆ ನಾನು ಯಾರ ಬಳಿ ಹೋಗಲಿ? ಮರ ಉಳಿಸಿಕೊಂಡು ಬಂದವನೇ ಕಟಕಟೆಯಲ್ಲಿ ನಿಲ್ಲಬೇಕು. ಬಯಲಲ್ಲಿ ಬೆಳೆಯುವವನಿಗೆ ಈ ರಗಳೆಯೇ ಇಲ್ಲ.

ಐರೋಪ್ಯ ಎಐ ಕಾಯ್ದೆಯೂ ಹೀಗೆಯೇ ಬರುತ್ತದೆ, ಬರೆದಿಟ್ಟುಕೊಳ್ಳಿ.

ವಿರಾಜಪೇಟೆಯ ವಕೀಲೆ

ಬರೆದಿಟ್ಟುಕೊಂಡಿದ್ದೇನೆ. ಅದು ಜಾರಿಗೆ ಬಂದದ್ದು 2024ರ ಆಗಸ್ಟ್ 1ರಂದು, ಅನ್ವಯವಾಗುವುದು ಹಂತಹಂತವಾಗಿ. ಜನರಿಗೆ ನಡತೆಯ ಅಂಕ ಹಾಕಿ ಸೌಲಭ್ಯ ಕಡಿತಗೊಳಿಸುವುದು, ಕೆಲಸದ ಜಾಗದಲ್ಲಿ ಮತ್ತು ಶಾಲೆಯಲ್ಲಿ ಮುಖ ನೋಡಿ ಭಾವನೆ ಅಳೆಯುವುದು, ಇಂಥವುಗಳಿಗೆ 2025ರ ಫೆಬ್ರವರಿ 2ರಿಂದಲೇ ನಿಷೇಧ. ನಿಷೇಧ ಮೀರಿದರೆ ದಂಡ ಮೂರೂವರೆ ಕೋಟಿ ಯೂರೋ, ಇಲ್ಲವೇ ಜಗತ್ತಿನಾದ್ಯಂತದ ವಾರ್ಷಿಕ ವಹಿವಾಟಿನ ಶೇ 7, ಯಾವುದು ಹೆಚ್ಚೋ ಅದರವರೆಗೆ. ನಮ್ಮ ಬೆಳೆಗಾರರಿಗೆ ಬೇಕಾದ ಭಾಗ ಬೇರೆ. ಸಾಲದ ಅರ್ಹತೆ ಅಳೆಯುವುದನ್ನೂ ಸರ್ಕಾರಿ ಸೌಲಭ್ಯಕ್ಕೆ ಅರ್ಹರನ್ನು ಆರಿಸುವುದನ್ನೂ ಅದು ಹೆಚ್ಚು ಅಪಾಯದ ಬಳಕೆ ಎಂದು ಪಟ್ಟಿ ಮಾಡಿದೆ. ಮನುಷ್ಯರ ಮೇಲ್ವಿಚಾರಣೆ ಇರಬೇಕು, ಬಾಧಿತರು ವಿವರಣೆ ಕೇಳಬಹುದು.

ಕೋಡ್ ಬರೆಯುವ ನಾಪೋಕ್ಲಿನವನು

ಆ ಹೆಚ್ಚು ಅಪಾಯದ ಭಾಗವನ್ನು ಮುಂದೂಡೋಣ ಎಂದು ಐರೋಪ್ಯ ಆಯೋಗವೇ 2025ರ ನವೆಂಬರ್‌ನಲ್ಲಿ ಪ್ರಸ್ತಾಪ ಇಟ್ಟದ್ದನ್ನೂ ಹೇಳಿ ಮೇಡಂ. ಬರೆದವರಿಗೇ ಭಾರವಾದ ಕಾನೂನು ಅದು.

ವಿರಾಜಪೇಟೆಯ ವಕೀಲೆ

ನಿಜ. ಅದನ್ನು ನಾನೇ ಹೇಳಬೇಕಿತ್ತು.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಒಬ್ಬರ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಅವರ ದತ್ತಾಂಶ ಬಳಸುವವರು ಅದು ಪೂರ್ಣವೂ ನಿಖರವೂ ಆಗಿರುವಂತೆ ನೋಡಿಕೊಳ್ಳಬೇಕು ಎಂದು 8ನೆಯ ಕಲಂ ಹೇಳುತ್ತದೆ. ತಪ್ಪನ್ನು ತಿದ್ದಿಸಿಕೊಳ್ಳುವ ಹಕ್ಕೂ ಇದೆ. ಆದರೆ ಯಂತ್ರದ ನಿರ್ಧಾರಕ್ಕೆ ವಿವರಣೆ ಕೇಳುವ ಹಕ್ಕನ್ನು ಆ ಕಾಯ್ದೆ ಕೊಟ್ಟಿಲ್ಲ. ನಿಯಮಗಳು ಪ್ರಕಟವಾದದ್ದೇ 2025ರ ನವೆಂಬರ್‌ನಲ್ಲಿ. ಈ ಹಕ್ಕುಗಳಿಗೆ ಹದಿನೆಂಟು ತಿಂಗಳ ಗಡುವು ಇಟ್ಟಿದ್ದಾರೆ, ಅಂದರೆ 2027ರ ಮೇ. ವೈಯಕ್ತಿಕ ಮಾಹಿತಿ ಎಂದು ಹೇಳಿ ಉತ್ತರ ನಿರಾಕರಿಸುವುದಕ್ಕೆ ಮಿತಿ ಹಾಕಿದ್ದ ಮಾಹಿತಿ ಹಕ್ಕಿನ 8(1)(ಜೆ) ಕಲಮಿಗೆ ಅದೇ ಕಾಯ್ದೆ ಕತ್ತರಿ ಹಾಕಿದ ಭಾಗ ಮಾತ್ರ ತಕ್ಷಣವೇ ಜಾರಿಯಾಯಿತು. ಜನರಿಗೆ ಕೊಡುವುದಕ್ಕೆ ಗಡುವು, ಜನರಿಂದ ತೆಗೆದುಕೊಳ್ಳುವುದಕ್ಕೆ ಗಡುವಿಲ್ಲ.

ಆನೆ ಕಾವಲು, ತಿತಿಮತಿ

ನಿಮ್ಮ ಕಲಂಗಳು ನನಗೆ ಅರ್ಥವಾಗುವುದಿಲ್ಲ. ನನಗೆ ಯಂತ್ರ ಬೇಕು, ಅಷ್ಟೇ ಹೇಳಲು ಬಂದೆ. ರಾತ್ರಿ ಟಾರ್ಚು ಹಿಡಿದು ಆನೆ ಹುಡುಕುವ ಕೆಲಸ ಮಾಡಿದವರಿಗೆ ಗೊತ್ತು. ತಮಿಳುನಾಡಿನ ಮಧುಕ್ಕರೈಯಲ್ಲಿ 2024ರಿಂದ ರೈಲು ಹಳಿಯ ಬಳಿ ಎಐ ಕ್ಯಾಮೆರಾ ಇಟ್ಟು ಆನೆ ಬಂದರೆ ರೈಲಿನವರಿಗೆ ಮುಂಚೆಯೇ ತಿಳಿಸುತ್ತಾರೆ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ. ಆದರೆ ಬೆಳಿಗ್ಗೆ ತೋಟಕ್ಕೆ ನಡೆದುಕೊಂಡು ಹೋಗುವ ಜನರಿದ್ದಾರೆ.

ಒಂದೇ ಭಯ. ಈಗ ಎಲ್ಲರೂ ಹೆದರಿಕೊಂಡೇ ಹೆಜ್ಜೆ ಇಡುತ್ತಾರೆ. ಸಂದೇಶ ಬಂದಿಲ್ಲ, ಆದ್ದರಿಂದ ಆನೆ ಇಲ್ಲ ಎಂದು ನಂಬುವ ದಿನ ಬಂದರೆ, ಆ ದಿನ ಕ್ಯಾಮೆರಾಗೆ ಮಂಜು ಕವಿದಿದ್ದರೆ? ಇನ್ನೊಂದು, ಸಂದೇಶ ಯಾವ ಭಾಷೆಯಲ್ಲಿ? ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರಿದ್ದಾರೆ, ಯರವ ಬುಡಕಟ್ಟಿನವರಿದ್ದಾರೆ. ಎಷ್ಟೋ ಜನರಿಗೆ ಕನ್ನಡ ಓದಲು ಬರುವುದಿಲ್ಲ. ಸೈರನ್ ಕೂಗಿದರೆ ಎಲ್ಲರಿಗೂ ತಿಳಿಯುತ್ತದೆ.

ಗೋಣಿಕೊಪ್ಪ ಸಂತೆ

ಆನೆಗೂ ತಿಳಿಯುತ್ತದೆ.

ನಿವೃತ್ತ ಮೇಷ್ಟ್ರು, ಸೋಮವಾರಪೇಟೆ

ತಿತಿಮತಿಯವರು ಹೇಳಿದ ಭಾಷೆಯ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕೊಡವ ತಕ್ಕ್ ಅಪಾಯದಲ್ಲಿರುವ ಭಾಷೆ ಎಂದು ಯುನೆಸ್ಕೊ ಪಟ್ಟಿಯಲ್ಲೇ ಇದೆ. ಅರೆಭಾಷೆ, ಯರವ, ಜೇನುಕುರುಬರ ನುಡಿ, ಇವುಗಳಲ್ಲಿ ಮಾತನಾಡಿದರೆ ಫೋನಿಗೆ ಗೊಂದಲ. ನನ್ನ ಪತ್ನಿಯ ಅರೆಭಾಷೆಯನ್ನು ಅದು ತಪ್ಪು ಕನ್ನಡ ಎಂದುಕೊಂಡು ತಿದ್ದುತ್ತದೆ. ಅವರು ಅದಕ್ಕೆ ಬೈಯುತ್ತಾರೆ, ಬೈಗುಳವನ್ನೂ ತಿದ್ದುತ್ತದೆ.

ಮಾದಾಪುರ ಹೋಂಸ್ಟೇ

ಮೊದಲು ತಪ್ಪು ಬರೆದಿದ್ದೆ, ಕ್ಷಮಿಸಿ. ಆದರೆ ಒಂದು ವಿಷಯ ಯಾರೂ ಎತ್ತಲಿಲ್ಲ. ಈ ದೇಶದಲ್ಲಿ ಡೀಪ್‌ಫೇಕ್ ಎಂಬ ಪದ ಮನೆಮಾತಾದದ್ದೇ ನಮ್ಮ ಜಿಲ್ಲೆಯ ಹೆಣ್ಣುಮಗಳ ಹೆಸರಿನಲ್ಲಿ. 2023ರ ನವೆಂಬರ್‌ನಲ್ಲಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬರ ವಿಡಿಯೊಗೆ ಅಂಟಿಸಿದ್ದರು. ಅವರಿಗಾಗಿ ದೇಶವೇ ಮಾತನಾಡಿತು, ದೆಹಲಿ ಪೊಲೀಸರು 2024ರ ಜನವರಿಯಲ್ಲಿ ಆರೋಪಿಯನ್ನು ಹಿಡಿದರು. ನಮ್ಮ ಕಾಲೇಜಿನ ಹುಡುಗಿಯರಿಗೆ ಹೀಗಾದರೆ? ನನ್ನ ಅಕ್ಕನ ಮಗಳ ಸಹಪಾಠಿಗೆ ಆಗಿದೆ. ಮನೆಯವರು ಮೊದಲು ಮಾಡಿದ ಕೆಲಸ ಅವಳ ಫೋನು ಕಿತ್ತುಕೊಂಡದ್ದು.

ವಿರಾಜಪೇಟೆಯ ವಕೀಲೆ

ಅದೇ ಮೊದಲ ತಪ್ಪು. ಫೋನಿನಲ್ಲಿ ಸಾಕ್ಷ್ಯ ಇರುತ್ತದೆ. ಕೊಂಡಿ, ಖಾತೆಯ ಹೆಸರು, ಸಮಯ ಎಲ್ಲ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟು, ಆಮೇಲೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ನಗ್ನ ಚಿತ್ರ ಅಥವಾ ತಿರುಚಿದ ಮುಖ ಎಂದು ಬಾಧಿತಳೇ ದೂರಿದರೆ 24 ಗಂಟೆಯೊಳಗೆ ತೆಗೆಯಬೇಕು ಎಂದು 2021ರ ಐಟಿ ನಿಯಮಗಳಲ್ಲಿತ್ತು. 2026ರ ಫೆಬ್ರವರಿಯ ತಿದ್ದುಪಡಿ ಅದನ್ನು ಎರಡು ಗಂಟೆಗೆ ಇಳಿಸಿದೆ. ಎಐ ಸೃಷ್ಟಿಸಿದ ನಿಜದಂತೆ ಕಾಣುವ ಚಿತ್ರ, ಧ್ವನಿ, ವಿಡಿಯೊಗೆ ಗುರುತುಪಟ್ಟಿ ಇರಬೇಕು ಎಂಬುದೂ ಅದೇ ತಿದ್ದುಪಡಿಯಲ್ಲಿದೆ. ಬೆಳಕು ಸರಿಪಡಿಸುವಂಥ ಸಾಮಾನ್ಯ ತಿದ್ದುವಿಕೆಗೆ ಅದು ಬೇಕಿಲ್ಲ, ನಿಮ್ಮ ಹೋಂಸ್ಟೇ ಚಿತ್ರಗಳಿಗೆ ಹೆದರಬೇಡಿ. ಹುಡುಗಿಯ ಮನೆಯವರು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ದಾಖಲಿಸಲಿ. ಮಹಿಳೆಯರು ಮತ್ತು ಮಕ್ಕಳ ಪ್ರಕರಣಗಳಲ್ಲಿ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು.

ಕೋಡ್ ಬರೆಯುವ ನಾಪೋಕ್ಲಿನವನು

ಎರಡು ಗಂಟೆಯಲ್ಲಿ ಮನುಷ್ಯರು ಕೂತು ನೋಡಲಾರರು. ತೆಗೆಯುವ ನಿರ್ಧಾರವನ್ನೂ ಯಂತ್ರವೇ ಮಾಡುತ್ತದೆ. ಸರ್ಕಾರದ ಅಥವಾ ಕೋರ್ಟಿನ ಆದೇಶವಿದ್ದರೆ ಮೂರು ಗಂಟೆ. ನಾಳೆ ರಸ್ತೆ ಗುಂಡಿಯ ಬಗ್ಗೆ ನೀವು ಹಾಕಿದ ವಿಡಿಯೊ ಮಾಯವಾದರೂ ಕಾರಣ ಗೊತ್ತಾಗುವುದಿಲ್ಲ. ಆಗ ಇದೇ ಚರ್ಚೆಯನ್ನು ಮೊದಲಿನಿಂದ ಮಾಡಬೇಕು.

ಮಾದಾಪುರ ಹೋಂಸ್ಟೇ

ಆಗಲಿ ತಮ್ಮ. ಆ ಹುಡುಗಿ ಮೂರು ವಾರ ಕಾಲೇಜಿಗೆ ಹೋಗಿಲ್ಲ. ಗುಂಡಿಯ ವಿಡಿಯೊ ನಾನು ಎರಡನೆಯ ಸಲ ಹಾಕುತ್ತೇನೆ.

ಸಿದ್ದಾಪುರದ ಸಣ್ಣ ಬೆಳೆಗಾರ

ಇಪ್ಪತ್ತಾರು ದಿನಗಳ ನಂತರ ಬರೆಯುತ್ತಿದ್ದೇನೆ. ವಕೀಲರು ಹೇಳಿದಂತೆ ಕಾಗದ ಬರೆದು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ಮುದ್ರೆ ಹಾಕಲು ಮೊದಲು ಒಪ್ಪಲಿಲ್ಲ. 2007ರ ಸುತ್ತೋಲೆ ಎಂದ ಕೂಡಲೇ ಒಳಗಿನಿಂದ ಕುರ್ಚಿ ಬಂತು.

ನಿನ್ನೆ ಉತ್ತರ ಬಂದಿದೆ. ಕಾರಣ: ದಾಖಲೆಗಳಲ್ಲಿ ಹೆಸರು ಹೊಂದಿಕೆಯಾಗುತ್ತಿಲ್ಲ. ಅಷ್ಟೇ. ಪಹಣಿಯಲ್ಲಿ ಮನೆಹೆಸರು ಮೊದಲು, ತಂದೆಯ ಹೆಸರಿನ ಅಕ್ಷರ ನಡುವೆ, ನನ್ನ ಹೆಸರು ಕೊನೆಗೆ ಇದೆ. ಆಧಾರ್‌ನಲ್ಲಿ ನನ್ನ ಹೆಸರು ಮೊದಲು. ಸಾಲ ಚರಿತ್ರೆಯಲ್ಲಿ ಮನೆಹೆಸರೇ ಇಲ್ಲ. ಯಂತ್ರದ ಲೆಕ್ಕದಲ್ಲಿ ನಾನು ಮೂರು ಜನ. ಮೂವರಲ್ಲಿ ಒಬ್ಬನಿಗೂ ಸಾಲವಿಲ್ಲ.

ಕೋಡ್ ಬರೆಯುವ ನಾಪೋಕ್ಲಿನವನು

ಅಯ್ಯೋ, ನನ್ನ ಪಾಸ್‌ಪೋರ್ಟಿನಲ್ಲೂ ಇದೇ ಆಗಿತ್ತು, ಆಗ ಹೊಳೆಯಲೇ ಇಲ್ಲ ನೋಡಿ. ಕೊನೆಯ ಪದವೇ ಮನೆತನದ ಹೆಸರು ಎಂದು ನಂಬಿ ಬರೆದ ತಂತ್ರಾಂಶ ಅದು. ಫೀಲ್ಡ್ ಮಾರ್ಷಲ್ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಇಂದು ಅರ್ಜಿ ಹಾಕಿದರೂ "ಹೊಂದಿಕೆಯಾಗುತ್ತಿಲ್ಲ" ಎಂದೇ ಬರುತ್ತಿತ್ತು. ಹೆಸರಿನ ಪದಗಳನ್ನು ಯಾವ ಕ್ರಮದಲ್ಲಿದ್ದರೂ ಹೋಲಿಸುವುದು ಕಷ್ಟದ ಕೆಲಸವಲ್ಲ. ಅದನ್ನು ಪರೀಕ್ಷಿಸುವಾಗ ಕೊಡಗಿನ ಒಂದು ಹೆಸರನ್ನೂ ಅವರು ಹಾಕಿ ನೋಡಿರಲಾರರು.

ವಿರಾಜಪೇಟೆಯ ವಕೀಲೆ

ಮೂರೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವನ್ನು ನೋಟರಿಯಿಂದ ಮಾಡಿಸಿ, ಮರುಪರಿಶೀಲನೆಗೆ ಕೊಡಿ. ಸಾಲ ಚರಿತ್ರೆಯ ಸಂಸ್ಥೆಗೂ ತಿದ್ದುಪಡಿಯ ಕೋರಿಕೆ ಹೋಗಲಿ. ಉತ್ತರ ಪತ್ರಕ್ಕೆ ಸಹಿ ಹಾಕಿದ ಅಧಿಕಾರಿಯ ಹೆಸರು, ಹುದ್ದೆ ಕಳುಹಿಸಿ. ಮರುಪರಿಶೀಲನೆಯ ಕಾಗದವನ್ನು ಅವರ ಹೆಸರಿಗೇ ಬರೆಯೋಣ.

ಸಿದ್ದಾಪುರದ ಸಣ್ಣ ಬೆಳೆಗಾರ

ಹೆಸರಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಹೀಗಿದೆ: "ಇದು ಗಣಕಯಂತ್ರದಿಂದ ಸಿದ್ಧಪಡಿಸಿದ ಪತ್ರ. ಸಹಿಯ ಅಗತ್ಯವಿಲ್ಲ."

ವಿರಾಜಪೇಟೆಯ ವಕೀಲೆ

ಹಾಗಿದ್ದರೆ ಶಾಖಾ ವ್ಯವಸ್ಥಾಪಕರ ಹೆಸರಿಗೆ ಬರೆಯಿರಿ. ಪತ್ರದ ಎರಡೂ ಬದಿಯ ಪ್ರತಿಯನ್ನು ನನಗೆ ಕಳುಹಿಸಿ. ಸ್ವೀಕೃತಿಯ ದಿನಾಂಕವನ್ನು ಕಳೆದುಕೊಳ್ಳಬೇಡಿ, ಅದರಿಂದಲೇ 30 ದಿನದ ಲೆಕ್ಕ.

ಅಂಗನವಾಡಿ ಅಕ್ಕ, ಪೊನ್ನಂಪೇಟೆ ತಾಲ್ಲೂಕು

ಅಣ್ಣ, ನೀವು ಮೊದಲು ಕೊಟ್ಟ ಕಾಗದದ ಒಕ್ಕಣೆಯನ್ನು ಇಲ್ಲಿ ಹಾಕಬಹುದೇ? ಹಾಡಿಯ ಹುಡುಗಿಯ ಹೆಸರಿನಲ್ಲಿ 4(1)(ಡಿ) ಎಂದು ಸೇರಿಸಿ ನಾನೇ ಬರೆದುಕೊಡುತ್ತೇನೆ, ಅವಳು ಹೆಬ್ಬೆಟ್ಟು ಒತ್ತುತ್ತಾಳೆ. ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಇರುತ್ತದೆ.